ಮುದಿ ಜಿಂಕೆ ಕೂರುವ ಜಾಗ

ಬೀಸ್ಟನ್ ಊರಿನ ವಿನಾಯಕನಷ್ಟು ಜಿಂಕೆ ಬೇಟೆಯ ಬಗ್ಗೆ ತಿಳಿದುಕೊಂಡ ಸಸ್ಯಾಹಾರಿ ಇಡೀ ಇಂಗ್ಲೆಂಡಿನಲ್ಲಿ ಇನ್ನೊಬ್ಬನಿರಲಾರ. ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಎರಡೆರಡು ಸಲ ಕೇಳಿಕೊಂಡು ತಿನ್ನುವ ಈ ಮಹಾನುಭಾವನಿಗೆ, ಅಮೆರಿಕದ ಕೊಲೊರಾಡೊ ಬೆಟ್ಟಗಳ ನೆತ್ತಿಯಲ್ಲಿ ಮ್ಯೂಲ್ ಡಿಯರ್ ಎಂಬ ದೊಡ್ಡ ಕಿವಿಯ ಜಿಂಕೆ ಬೆಳಿಗ್ಗೆ ಎಲ್ಲಿ ಮೇಯುತ್ತದೆ, ಮಧ್ಯಾಹ್ನ ಎಲ್ಲಿ ಮಲಗುತ್ತದೆ, ಗಾಳಿ ತಿರುಗಿದರೆ ಯಾವ ಕಡೆಗೆ ಓಡುತ್ತದೆ ಎಂಬುದೆಲ್ಲ ಬಾಯಿಪಾಠ. ಎಲ್ಲವೂ ಯೂಟ್ಯೂಬ್ ಕೃಪೆ. ಹಗಲೆಲ್ಲ ಸಾಫ್ಟ್‌ವೇರಿನ ತಪ್ಪು ಹುಡುಕುವುದು, ಸಂಜೆ ಅನ್ನ ಸಾರು ಉಂಡು ಸೋಫಾದ ಮೇಲೆ ಕಾಲು ಚಾಚಿಕೊಂಡು ಬೇಟೆಗೆ ಹೊರಡುವುದು. ಇದು ಐದು ವರ್ಷದಿಂದ ನಡೆದುಬಂದ ಪದ್ಧತಿ. ಎಲೆ ಬಣ್ಣದ ಬೇಟೆ ಜಾಕೆಟ್ಟನ್ನೂ ಕೊಂಡಿದ್ದ. ಅದನ್ನು ತೊಟ್ಟು ಅವನು ಇದುವರೆಗೆ ಹೋದದ್ದು ಕಸದ ಬಿನ್ ಹೊರಗಿಡಲು ಮಾತ್ರ.

ಇನ್ನೊಂದು ವಿಶೇಷವೂ ಇತ್ತು. ಬೇಟೆಗಾರ ಬಂದೂಕಿನ ಕುದುರೆಗೆ ಬೆರಳಿಟ್ಟನೆಂದರೆ ವಿನಾಯಕ ಟೀವಿ ಆರಿಸಿಬಿಡುತ್ತಿದ್ದ. ರಕ್ತ ಕಂಡರೆ ಅವನಿಗೆ ತಲೆ ಸುತ್ತುತ್ತಿತ್ತು. ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ, "ಬೇಟೆ ಅಂದ್ರೆ ಕೊಲ್ಲೋದಲ್ಲ, ಹುಡುಕೋದು" ಎಂಬ ಸಿದ್ಧಾಂತವೊಂದನ್ನು ಕಟ್ಟಿಕೊಂಡಿದ್ದ. ಹೆಂಡತಿ ನೀರಜಾ ಈ ಸಿದ್ಧಾಂತ ಕೇಳಿದಾಗಲೆಲ್ಲ, "ಹಾಗಾದ್ರೆ ಕಾರಿನ ಕೀ ಎಲ್ಲಿದೆ ಹುಡುಕಿ ರೀ" ಎನ್ನುತ್ತಿದ್ದಳು. ಅದೊಂದು ಮಾತ್ರ ಅವನಿಗೆ ಸಿಗುತ್ತಿರಲಿಲ್ಲ.

ಈ ಬೇಸಿಗೆಯಲ್ಲಿ ನೀರಜಾಳ ತಂದೆ ದತ್ತಾತ್ರೇಯ ಮೈಸೂರಿನಿಂದ ಬಂದರು. ವಿದ್ಯುತ್ ಇಲಾಖೆಯಲ್ಲಿ ಎಂಜಿನಿಯರ್ ಆಗಿ ನಿವೃತ್ತರಾದವರು. ಎಪ್ಪತ್ತು ದಾಟಿದ್ದರೂ ನಾಲಿಗೆಗೆ ಮಾತ್ರ ನಿವೃತ್ತಿಯಿಲ್ಲ. ಸಂಜೆ ಹೊತ್ತು ಮನೆಯಲ್ಲಿ ಬೇರೆ ಕೆಲಸವಿಲ್ಲದೆ ಅಳಿಯನ ಪಕ್ಕದಲ್ಲಿ ಕೂತು ಅವರೂ ಜಿಂಕೆ ನೋಡಿದರು. ನೋಡುತ್ತ ನೋಡುತ್ತ ಕಾಲೆಳೆದರು. "ಏನ್ರೀ ಅಳಿಯಂದ್ರೆ, ಇವತ್ತೂ ಬದುಕ್ಕೊಳ್ತಾ ಜಿಂಕೆ? ನಿಮ್ಮಂಥ ಬೇಟೆಗಾರರು ಹತ್ತು ಜನ ಇದ್ರೆ ಸಾಕು, ಕಾಡೆಲ್ಲ ಜಿಂಕೆ ತುಂಬ್ಕೊಂಡ್ಬಿಡುತ್ತೆ." ವಿನಾಯಕ ನಕ್ಕುಬಿಡುತ್ತಿದ್ದ. ಒಳಗೊಳಗೆ ಉರಿದುಹೋಗುತ್ತಿದ್ದ.

ಅಕ್ಟೋಬರಿನಲ್ಲೊಂದು ಶನಿವಾರ ಅವನು ಮಾವನನ್ನು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಕರೆದುಕೊಂಡು ಹೋದ. ಜತೆಗೆ ಕನ್ನಡ ಬಳಗದ ನಾಲ್ಕು ಮನೆಯವರು. ಮಂಡಿನೋವಿನ ನೀರಜಾ ಕೆಳಗೆ ಹಳ್ಳಿಯ ಕೆಫೆಯಲ್ಲೇ ಉಳಿದಳು. ಮೇಲೆ ಹತ್ತಿದ ಮೇಲೆ ವಿನಾಯಕ ಬೇಟೆ ಜಾಕೆಟ್ಟಿನ ಜಿಪ್ ಎಳೆದುಕೊಂಡು, ದುರ್ಬೀನು ತೆಗೆದು, ಎತ್ತರದ ಕಾಡುಬೆಟ್ಟಗಳಲ್ಲಿ ನಡೆಯುವುದಕ್ಕಿಂತ ಕೂತು ನೋಡುವುದೇ ಮುಖ್ಯ ಎಂದು ಭಾಷಣ ಶುರುಮಾಡಿದ. ನಾಲ್ಕು ಮನೆಯವರು ಭಕ್ತಿಯಿಂದ ಕೇಳುತ್ತಿದ್ದರು. ಮಾವ ಫೋನು ತೆಗೆದು ಏನೋ ನೋಡಿದರು.

"ಅಲ್ರೀ, ಈ ಬೆಟ್ಟಕ್ಕಿಂತ ನಮ್ಮ ಮೈಸೂರೇ ಎತ್ತರದಲ್ಲಿದೆ. ನಾನು ದಿನಾ ಹಾಲು ತರಕ್ಕೆ ಹೋಗೋದು ಇದಕ್ಕಿಂತ ಮೇಲೆ. ಒಂದಿನಾನೂ ದುರ್ಬೀನು ತಗೊಂಡು ಹೋಗಿರ್ಲಿಲ್ಲ, ತಪ್ಪಾಯ್ತು."

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಐದು ತಿಂಗಳಿಂದ ನುಂಗಿಕೊಂಡಿದ್ದದ್ದು ವಿನಾಯಕನ ಬಾಯಿಗೆ ಬಂತು. "ನಿಮಗೆ ಇದೆಲ್ಲ ಅರ್ಥ ಆಗಲ್ಲ ಮಾವ. ಬೋರಾದ್ರೆ ಕಾರ್ ಹತ್ರ ಹೋಗಿ ಕೂತ್ಕೊಳ್ಳಿ." ಮಾತು ಅವನು ಅಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. ನಗು ನಿಂತಿತು. ಮುದುಕರು ಫೋನನ್ನು ಜೇಬಿಗೆ ಹಾಕಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದರು. ಹಿಂದೆ ಹೋಗಬೇಕು ಎಂದು ವಿನಾಯಕನಿಗೆ ಅನ್ನಿಸಿತು. ಆದರೆ ಭಾಷಣ ಇನ್ನೂ ಅರ್ಧ ಉಳಿದಿತ್ತು.

ಅಷ್ಟರಲ್ಲಿ ಮಂಜು ಇಳಿಯಿತು. ಎದುರಿಗಿದ್ದ ಬಂಡೆಯೂ ಕಾಣದಂತಾಯಿತು. ಎಲ್ಲರೂ ಒಬ್ಬರ ಹಿಂದೊಬ್ಬರು ತಡವರಿಸುತ್ತ ಕೆಳಗಿಳಿದರು. ಕಾರಿನ ಹತ್ತಿರ ಮಾವ ಇರಲಿಲ್ಲ.

"ಅಪ್ಪ ಎಲ್ರೀ?" ಎಂದಳು ಕೆಫೆಯಿಂದ ಬಂದ ನೀರಜಾ.

"ಮುಂಚೇನೇ ಬಂದ್ರಲ್ಲ..."

"ಒಬ್ರೇನಾ? ಒಬ್ರನ್ನೇ ಕಳ್ಸಿದ್ರಾ?"

ವಿನಾಯಕ ಫೋನು ತೆಗೆದು ನಂಬರು ಒತ್ತಿದ. ಮಾವನ ಫೋನಿಗೆ ಸಿಗ್ನಲ್ ಇರಲಿಲ್ಲ. ಬೆಟ್ಟದ ರಕ್ಷಣಾ ತಂಡಕ್ಕೆ ಫೋನಾಯಿತು; ಹೊರಟಿದ್ದೇವೆ, ನೀವು ಅಲ್ಲೇ ಇರಿ ಎಂದರು. ಅವನಿಗೆ ಇರಲಾಗಲಿಲ್ಲ. ಕತ್ತಲಾಗುವುದರೊಳಗೆ ಸಿಗದಿದ್ದರೆ, ಹತ್ತಿಯ ಸ್ವೆಟರ್ ಹಾಕಿಕೊಂಡು ಬಂದ ಆ ಮುದಿ ಜೀವ ಈ ಚಳಿಯಲ್ಲಿ ಉಳಿಯುವುದಿಲ್ಲ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹೋಗಿ ಎಂದು ಕಳಿಸಿದವನು ತಾನೇ ಎಂಬುದೂ ಗೊತ್ತಿತ್ತು. ಟಾರ್ಚು ಹಿಡಿದು ಮತ್ತೆ ಹತ್ತಿದ.

"ಮಾವಾ!" ಎಂದು ಕೂಗುತ್ತ ದಾರಿಯುದ್ದಕ್ಕೂ ಹೋದ. ಅಲ್ಲಲ್ಲಿ ಕುರಿಗಳು ಉತ್ತರ ಕೊಟ್ಟವು. ತಲೆಯೊಳಗೆ ಆ ಹಾಳು ವಿಡಿಯೋಗಳು ಗುಣುಗುಡುತ್ತಲೇ ಇದ್ದವು: ದಾರಿಯಲ್ಲಿ ಏನೂ ಸಿಗುವುದಿಲ್ಲ, ದಿಬ್ಬದ ನೆತ್ತಿಯಿಂದ ಸ್ವಲ್ಪ ಕೆಳಗೆ, ಗಾಳಿಗೆ ಮರೆಯಾದ ಕಡೆ ನೋಡು. ವಿನಾಯಕ ತನ್ನ ತಲೆಗೆ ತಾನೇ ಉಗಿದುಕೊಂಡ. ಕಳೆದುಹೋಗಿರುವುದು ಹೆಂಡತಿಯ ಅಪ್ಪ, ಜಿಂಕೆಯಲ್ಲ. ಸೋಫಾ ಮೇಲೆ ಕೂತು ಕಲಿತ ವಿದ್ಯೆಯನ್ನು ನಂಬಿಕೊಂಡು ದಾರಿ ಬಿಟ್ಟು ಹೋದರೆ ನಾಳೆ ಜನ ಎರಡು ಹೆಣ ಹುಡುಕಬೇಕಾದೀತು. ಜೀವನದಲ್ಲಿ ಮೊದಲ ಸಲ ಬುದ್ಧಿವಂತನ ಹಾಗೆ ನಡೆದುಕೊಳ್ಳೋಣ ಎಂದು ಅದೇ ದಾರಿಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಜಾಲಾಡಿದ. ಗಂಟಲು ಕಟ್ಟಿತು. ಬೆಳಕು ಕುಗ್ಗುತ್ತ ಬಂತು. ಮಾವ ಸಿಗಲಿಲ್ಲ.

ಕೊನೆಗೆ ಮಾಡಲು ಇನ್ನೇನೂ ಉಳಿಯದೆ, ಅಳುವುದೊಂದು ಬಾಕಿ ಎನ್ನುವಾಗ, ಅವನು ನಿಂತು ಮುಖವನ್ನು ಗಾಳಿಗೊಡ್ಡಿದ. ಪಶ್ಚಿಮದ ಗಾಳಿ. ಹಾಗಾದರೆ ಮರೆ ಇರುವುದು ಪೂರ್ವಕ್ಕೆ. ದಾರಿ ಬಿಟ್ಟು ದಿಬ್ಬ ದಾಟಿ, ಕಪ್ಪು ಕೆಸರಿನಲ್ಲಿ ಮೊಣಕಾಲವರೆಗೂ ಹೂತು, ಎದ್ದು, ಇನ್ನೊಮ್ಮೆ ಬಿದ್ದು, ದುಬಾರಿ ದುರ್ಬೀನನ್ನು ಎಲ್ಲೋ ಕಳೆದುಕೊಂಡು, ತೆವಳಿಕೊಂಡೇ ಆಚೆ ಇಳಿದ. ಈ ಅವತಾರವನ್ನು ಕಂಡಿದ್ದರೆ ಕೊಲೊರಾಡೊದ ಜಿಂಕೆಗಳು ನಕ್ಕು ನಕ್ಕು ಸಾಯುತ್ತಿದ್ದವು. ನೆತ್ತಿಯಿಂದ ಸ್ವಲ್ಪವೇ ಕೆಳಗೆ ಒಂದು ದೊಡ್ಡ ಬಂಡೆ. ಅದಕ್ಕೆ ಬೆನ್ನು ಕೊಟ್ಟು, ಕಾಲು ಮಡಿಚಿಕೊಂಡು, ಮಫ್ಲರನ್ನು ಕಿವಿ ಮುಚ್ಚುವಂತೆ ಸುತ್ತಿಕೊಂಡು ಮಾವ ಕೂತಿದ್ದರು.

ತುಟಿ ನೀಲಿಗಟ್ಟಿತ್ತು. ಒಂದು ಪಾದ ಊದಿಕೊಂಡಿತ್ತು. ಕಣ್ಣು ಮಾತ್ರ ನಿಚ್ಚಳವಾಗಿತ್ತು.

"ಬಂದ್ರಾ," ಎಂದರು. "ಯಾಕ್ರೀ ಇಷ್ಟು ಲೇಟು?"

ವಿನಾಯಕ ಬೇಟೆ ಜಾಕೆಟ್ಟು ಬಿಚ್ಚಿ ಅವರಿಗೆ ಹೊದಿಸಿದ. "ದಾರೀಲೇ ಹುಡುಕ್ತಿದ್ದೆ ಮಾವ. ಅಷ್ಟು ಕೂಗಿದ್ನಲ್ಲ, ಕೇಳಿಸ್ಲಿಲ್ವಾ?"

"ದಾರೀಲಾ?" ಮಾವನಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ದಾರೀಲಿ ಹುಡುಕಕ್ಕೆ ನೀವೇ ಯಾಕೆ ಬೇಕು? ಯಾರು ಬೇಕಾದ್ರೂ ಹುಡುಕ್ತಾರೆ. ದಿಬ್ಬದಾಚೆ ಕೂಗಿದ್ದು ಇಲ್ಲಿಗೆ ಕೇಳ್ಸಲ್ಲ. ಮಂಜಲ್ಲಿ ದಾರಿ ತಪ್ತು, ಕಾಲು ಉಳುಕ್ತು. ಇನ್ನು ನಡಿಯಕ್ಕಾಗಲ್ಲ ಅಂತ ಗೊತ್ತಾದ ತಕ್ಷಣ ಯೋಚ್ನೆ ಮಾಡಿದೆ, ಅಳಿಯಂದ್ರು ಎಲ್ಲಿ ನೋಡ್ತಾರೆ ಅಂತ. ಕುಂಡೆ ಊರ್ಕೊಂಡು ತೆವಳ್ಕೊಂಡು ಬಂದೆ ಇಲ್ಲಿಗೆ. ನೆತ್ತಿ ಕೆಳಗೆ, ಗಾಳಿ ಮರೆ, ಬೆನ್ನಿಗೆ ಬಂಡೆ. ದಿನಾ ನಿಮ್ಮ ಪಕ್ಕ ಕೂತು ನಾನೇನು ನಿದ್ದೆ ಮಾಡ್ತಿದ್ನಾ? ಮುದಿ ಗಂಡು ಜಿಂಕೆ ಕೂರೋದು ಇಲ್ಲೇ ಅಂತ ನೀವೇ ತಾನೇ ಹೇಳಿದ್ದು?"

ವಿನಾಯಕ ಆ ಬಂಡೆಯನ್ನೂ ಊದಿದ ಪಾದವನ್ನೂ ನೋಡಿದ. ತನ್ನ ಹುಚ್ಚು ವಿದ್ಯೆಯನ್ನು ಈ ಪ್ರಪಂಚದಲ್ಲಿ ನಂಬಿದವರು ಇವರೊಬ್ಬರೇ. ನಂಬಿ, ಉಳುಕಿದ ಕಾಲೆಳೆದುಕೊಂಡು ಬಂದು, ಇಲ್ಲಿ ನಡುಗುತ್ತ ಕೂತಿದ್ದಾರೆ. ತಾನು ನಂಬದೆ ಇಷ್ಟು ಹೊತ್ತೂ ದಾರಿಯಲ್ಲಿ ಕುರಿಗಳನ್ನು ಮಾತಾಡಿಸುತ್ತಿದ್ದ. ಅವನಿಗೆ ತಡೆಯಲಾಗಲಿಲ್ಲ, ಮಾವನ ಪಕ್ಕದಲ್ಲಿ ಕೆಸರಿನಲ್ಲೇ ಕುಸಿದು ಚಿಕ್ಕ ಮಗುವಿನ ಹಾಗೆ ಬಿಕ್ಕಿದ. ದೂರದಲ್ಲಿ ರಕ್ಷಣಾ ತಂಡದ ದೀಪಗಳು ಹತ್ತಿ ಬರುತ್ತಿದ್ದವು. ಅವನು ಅಳುತ್ತಲೇ ಟಾರ್ಚು ಎತ್ತಿ ಬೀಸಿದ.

ಮಾವ ತಮ್ಮ ಎರಡೂ ಕೈಗಳನ್ನು ಅವನ ಮಡಿಲಿಗೆ ಹಾಕಿದರು. ಕೈ ಮಂಜುಗಡ್ಡೆಯಷ್ಟು ತಣ್ಣಗಿತ್ತು.

"ಅಳೋದು ಆಮೇಲೆ ಇಟ್ಕೊಳ್ಳಿ. ಮೊದ್ಲು ಕೈ ಉಜ್ಜಿ."