ಪಟ್ಟಿಯಲ್ಲಿಲ್ಲದ ನೀರು

"ಪಟ್ಟಿಯೊಳಗ ಹೊಂಡ ಇಲ್ಲ ನೋಡವಾ ಅನ್ನಪೂರ್ಣಾ," ಎಂದ ಪಂಚಾಯಿತಿ ಕಾರಕೂನ ವೀರಪ್ಪ, ಮೇಜಿನ ಮೇಲಿಟ್ಟ ಪುಟ್ಟ ಬಾಟಲಿಯತ್ತ ನೋಡದೆಯೇ. "ಬೋರು, ಬಾಂವಿ, ನಳ, ಇವಷ್ಟ ನೀರು. ಹೊಂಡದ್ದು ತೀರ್ಥ."

ಬಾಟಲಿಯಲ್ಲಿದ್ದದ್ದು ಮಸಿಯಂತೆ ಕಪ್ಪಾಗಿತ್ತು. ಊರ ನೀರು ತಪಾಸಣೆ ಅನ್ನಪೂರ್ಣಾಳ ಕೆಲಸ. ಮೊನ್ನೆ ತಪಾಸಣೆಯ ಔಷಧಿ ಇರುವ ಈ ಬಾಟಲಿಗೆ ಹೊಂಡದ ನೀರು ತುಂಬಿ ತಂದು, ಒಲೆಯ ಮಗ್ಗಲಿಗೆ ಬೆಚ್ಚಗಿಟ್ಟಿದ್ದಳು. ಕಪ್ಪಾದರೆ ಮಲದ ರೋಗಾಣು ಸೇರಿದೆ ಎಂದೇ ಲೆಕ್ಕ. ಒಡೆದ ಗೋಡೆಯಿಂದ ಓಣಿಯ ಗಟಾರ ಹೊಂಡಕ್ಕಿಳಿಯುವುದು ವೀರಪ್ಪನಿಗೂ ಗೊತ್ತಿತ್ತು. ಅಲ್ಲಿ ಈಸಿ ಬಂದ ಅನ್ನಪೂರ್ಣಾಳ ಮಗಳು ಹೋದ ವಾರ ವಾಂತಿಭೇದಿಯಾಗಿ ಯರಗಟ್ಟಿ ದವಾಖಾನೆಯಲ್ಲಿ ಎರಡು ದಿನ ಸಲಾಯಿನ್ ಹಚ್ಚಿಸಿಕೊಂಡು ಮಲಗಿದ್ದಳು. ನಾಳೆ ಅಮಾವಾಸ್ಯೆ, ಊರಿಗೆ ಊರೇ ಮಕ್ಕಳು ಮರಿ ಕಟ್ಟಿಕೊಂಡು ಅಲ್ಲಿ ಮುಳುಗೇಳುವ ದಿನ. ನೀರಿಗೆ ಇಳಿಯಬಾರದೆಂದು ಒಂದು ಬೋರ್ಡಾದರೂ ಹಾಕಿಸಿರೆಂದು ಅವಳು ಮೂರನೆಯ ಸಲ ಕೇಳಿದಳು. ತೀರ್ಥಕ್ಕೆಂಥ ಬೋರ್ಡು ಎಂದು ಅವನು ನಕ್ಕ.

ಬಾಗಿಲಲ್ಲಿ ಕುಳಿತಿದ್ದ ಅತ್ತೆ ಸಿದ್ದಲಿಂಗವ್ವನ ಮುಖ ಅರಳಿತು. ಸೊಸೆಯ ಬಾಟಲಿಯನ್ನು ನಂಬದೆ, ಕಾರಕೂನನ ಬಾಯಿಂದಲೇ ಕೇಳುತ್ತೇನೆಂದು ಹೊಂಡದಲ್ಲಿ ಮಿಂದು ನೇರ ಇಲ್ಲಿಗೇ ಬಂದಿದ್ದಳು. ಕೈಯಲ್ಲಿ ಹೊಂಡದ ನೀರಿನ ತಾಮ್ರದ ತಂಬಿಗೆ.

"ಬಂಗಾರದಂಥಾ ಮಾತಾಡಿದಿ ನೋಡಪಾ. ತಗೋ, ತೀರ್ಥ."

ವೀರಪ್ಪ ಎದ್ದು ಭಕ್ತಿಯಿಂದ ಕೈಯೊಡ್ಡಿದ. ಅಂಗೈಗೆ ಬಿದ್ದದ್ದನ್ನು ಕಣ್ಣಿಗೆ ಒತ್ತಿಕೊಂಡ, ತಲೆಗೆ ಸವರಿದ, ಪ್ಯಾಂಟಿಗೆ ಒರೆಸಿಕೊಂಡ.

ಸಿದ್ದಲಿಂಗವ್ವ ತಂಬಿಗೆ ಇಳಿಸಲಿಲ್ಲ. "ಬಾಯಾಗ ಹಾಕ್ಕೊಳ್ಳಿಲ್ಲಲ್ಲೋ ತಮ್ಮಾ?"

"ಗಂಟಲಾ ಕೆಟ್ಟೈತಿ ಯವ್ವಾ."

ಒಂದೇ ಹನಿ ಎಂದು ಅವಳು ಮತ್ತೆ ತಂಬಿಗೆ ಬಾಗಿಸಿದಳು. ಕಾದ ಹಂಚು ತಾಕಿದಂತೆ ಅವನು ಕೈ ಹಿಂದಕ್ಕೆಳೆದುಕೊಂಡ. ನೀರು ನೆಲಕ್ಕೆ ಬಿತ್ತು. ತೀರ್ಥವನ್ನು ನೆಲಕ್ಕೆ ಬೀಳಗೊಟ್ಟವರನ್ನು ಅವಳು ಈ ಅರವತ್ತು ವರ್ಷದಲ್ಲಿ ನೋಡಿರಲಿಲ್ಲ.

"ನಿನಗ ಗೊತ್ತಿತ್ತು," ಎಂದಳು ಸಣ್ಣ ದನಿಯಲ್ಲಿ. "ನನ್ನ ಮೊಮ್ಮಗಳು ಮಲಗಿದಾಗೂ ಗೊತ್ತಿತ್ತು."

ವೀರಪ್ಪ ಫೈಲು ತಿರುವತೊಡಗಿದ. ಅವಳು ಮೇಜಿನ ಮೇಲಿದ್ದ ಕಪ್ಪು ಬಾಟಲಿ ಎತ್ತಿಕೊಂಡು ಸೆರಗಿನ ತುದಿಗೆ ಕಟ್ಟಿಕೊಂಡಳು.

ಮರುದಿನ ಹೊತ್ತು ಮೂಡುವಾಗ ಅನ್ನಪೂರ್ಣಾ ಹೊಂಡಕ್ಕೆ ಓಡಿಬಂದಳು. ಇಳಿಯುವ ದಾರಿ ಇರುವುದೊಂದೇ. ಅದರ ಮೊದಲ ಮೆಟ್ಟಿಲಿಗೆ ಅಡ್ಡಲಾಗಿ ಸಿದ್ದಲಿಂಗವ್ವ ಕುಳಿತಿದ್ದಳು. ಮೇಲೆ ಟವೆಲು, ಮಕ್ಕಳು, ಕಾಯಿ ಕರ್ಪೂರ ಹಿಡಿದ ಮಂದಿ. ಕೆಲವರು ಬೇಡಿಕೊಂಡರು, ಕೆಲವರು ಮುದುಕಿಗೆ ಅರಳು ಮರಳು ಎಂದರು. ಎಲ್ಲರಿಗೂ ಅವಳದು ಒಂದೇ ಮಾತು.

"ವೀರಪ್ಪನ್ನ ಕರಕೊಂಡ ಬರ್ರಿ. ಮೊದಲ ಅವ ಮುಳಗಲಿ, ಆಮ್ಯಾಲೆ ನೀವು."

ಯಾರೋ ಕರೆಯಲು ಹೋದರು. ಬಿಸಿಲೇರಿತು, ವೀರಪ್ಪನ ಸುಳಿವಿಲ್ಲ. ಮಂದಿಯ ಕಣ್ಣೆಲ್ಲ ಪಂಚಾಯಿತಿಯ ದಾರಿಯತ್ತ. ಸಿದ್ದಲಿಂಗವ್ವನ ಪಕ್ಕದಲ್ಲಿ ತಂಬಿಗೆ ಬೋರಲು ಬಿದ್ದಿತ್ತು, ಒಣಗಿ.