ಬಿಟ್ಟು ಓದಿದ ಸಾಲು

ಶ್ರೀಶೈಲನಿಗೆ ಸಂಬಳವಿರಲಿಲ್ಲ. ಇದ್ದದ್ದು ಹೆಗಲಿಗೊಂದು ಜೋಳಿಗೆ, ಅದರಲ್ಲಿ ಹತ್ತು ಪಾಟಿ-ಬಳಪ, ಮತ್ತು ಊರನ್ನೇ ಉದ್ಧಾರ ಮಾಡಿಬಿಡುವ ಹುರುಪು. ತೊಂಬತ್ಮೂರನೇ ಇಸವಿಯ ಮಾತು. ಪಿಯುಸಿ ಮುಗಿಸಿ ಮುನವಳ್ಳಿಯಲ್ಲಿ ಸುಮ್ಮನೆ ಕೂತಿದ್ದವನು ಅಕ್ಷರ ಕಲಿಸುವ ಸ್ವಯಂಸೇವಕನಾಗಿ ಗಡ್ಡಿಕೊಪ್ಪಕ್ಕೆ ಹೋಗತೊಡಗಿದ್ದ. ಮಲಪ್ರಭೆಯ ಹಿನ್ನೀರು ಏರಿತೆಂದರೆ ಗಡ್ಡಿಕೊಪ್ಪದ ನಾಲ್ಕೂ ಕಡೆ ನೀರು. ಉಪ್ಪು ಬೇಕಾದರೂ, ಜ್ವರದ ಗುಳಿಗೆ ಬೇಕಾದರೂ ಬುರಾನಸಾಬನ ನಾವೆಯೇ ಗತಿ.

ಮಧ್ಯಾಹ್ನ ಬುತ್ತಿ ಉಂಡ ಮೇಲೆ, ಎಮ್ಮೆ ಹಿಂಡುವ ಹೊತ್ತಿನ ಒಳಗೆ, ಹಣಮಪ್ಪನ ಗುಡಿಕಟ್ಟೆಯ ಮೇಲೆ ಹತ್ತು ಹೆಣ್ಣುಮಕ್ಕಳು ಪಾಟಿ ಹಿಡಿದು ಕೂರುತ್ತಿದ್ದರು. ಅವರಲ್ಲಿ ತಾಯವ್ವನದೇ ಮುಂದಾಳತನ. ನಲವತ್ತೈದು ದಾಟಿದ ವಿಧವೆ, ಬಾಯಿ ಜೋರು, ಕೈ ಅದಕ್ಕಿಂತ ಜೋರು. ಕಾಗುಣಿತ ತಿದ್ದುವಾಗ ಬಳಪ ಮುರಿಯದ ದಿನವಿಲ್ಲ. ಅವಳು ಬಂದರೆ ಉಳಿದ ಒಂಬತ್ತು ಮಂದಿ ಬಂದಂತೆ. ಅವಳು ಬಾರದ ದಿನ ಪದ್ಮವ್ವನಿಗೆ ತಲೆನೋವು, ಹಸೀನಾಬಿಗೆ ಬೀಗರು, ಉಳಿದವರಿಗೆ ಇನ್ನೇನೋ ಒಂದು.

ತಾಯವ್ವನ ಒಬ್ಬಳೇ ಮಗಳು ರಾಮವ್ವನನ್ನು ತೊರಗಲ್ಲಿಗೆ ಕೊಟ್ಟಿತ್ತು. ಚೊಚ್ಚಲ ಬಸಿರು. ಚೊಚ್ಚಲ ಹೆರಿಗೆ ತವರಲ್ಲಾಗಬೇಕು. ಏಳನೇ ತಿಂಗಳಲ್ಲಿ ತಾಯಿಯೇ ಹೋಗಿ ಕರೆತರಬೇಕು. ಎಂಟು ಬಿತ್ತೋ, ಬಸುರಿಯನ್ನು ಯಾರೂ ದಾರಿಗೆ ಹಚ್ಚುವುದಿಲ್ಲ. ಆದರೆ ರಾಮವ್ವನ ಅತ್ತೆ, ನೀರಿನ ನಡುವಿನ ಊರಿಗೆ ಸೊಸೆಯನ್ನು ಕಳಿಸುವುದಿಲ್ಲವೆಂದು ಖಡಾಖಂಡಿತ ಹೇಳಿಬಿಟ್ಟಿದ್ದಳು. ತಾಯವ್ವ ಅಂದಿನಿಂದ ಆ ಮಾತೆತ್ತಿರಲಿಲ್ಲ. ಕೂಸಿಗೆಂದು ಹೊಲಿದಿಟ್ಟ ಕೌದಿಯನ್ನು ಮಾತ್ರ ಆಗಾಗ ಬಿಸಿಲಿಗೆ ಹಾಕಿ ತೆಗೆಯುತ್ತಿದ್ದಳು.

ಒಂದು ದಿನ ಬುರಾನಸಾಬ ರಾಮವ್ವನ ಪತ್ರ ತಂದುಕೊಟ್ಟ. ನಾಲ್ಕನೇ ಇಯತ್ತೆ ಕಲಿತ ಹುಡುಗಿ, ದಪ್ಪ ಅಕ್ಷರದಲ್ಲಿ ತಾನೇ ಬರೆದಿದ್ದಳು. ಇನ್ನೂ ಕೂಡಿಸಿ ಓದಲು ತಡವರಿಸುತ್ತಿದ್ದ ತಾಯವ್ವ ಅದನ್ನು ಶ್ರೀಶೈಲನ ಕೈಗಿಟ್ಟು ಎದುರು ಕುಂತಳು. ಅವನು ಆರಾಮದ ಸುದ್ದಿ ಓದಿದ, ಆಕಳು ಈದದ್ದು ಓದಿದ. ಮುಂದಿನ ಸಾಲಿಗೆ ಬಂದು ತಡೆದ. ಅತ್ತೆ ಒಪ್ಪಿದ್ದಾಳೆ, ಅಮಾವಾಸ್ಯೆಯೊಳಗೆ ನೀನೇ ಬಂದು ಕರೆದರೆ ಕಳಿಸುತ್ತಾಳಂತೆ, ದಾರಿ ನೋಡುತ್ತಿರುತ್ತೇನೆ ಎಂದಿತ್ತು.

ನಾಲ್ಕು ದಿನಕ್ಕೆ ಪರೀಕ್ಷೆ. ತಾಲೂಕಿನಿಂದ ಸಾಹೇಬರು ಬರುವವರಿದ್ದರು. ನನ್ನ ಕೇಂದ್ರದಲ್ಲಿ ಹತ್ತಕ್ಕೆ ಹತ್ತು ಪಾಸು ಎಂದು ಶ್ರೀಶೈಲ ಮುನವಳ್ಳಿಯ ಚಹಾದಂಗಡಿಯಲ್ಲಿ ಮೀಸೆ ತಿರುವಿ ಬಂದಿದ್ದ. ತಾಯವ್ವ ತೊರಗಲ್ಲಿನ ಬಸ್ಸು ಹತ್ತಿದರೆ ಕಟ್ಟೆ ಬರಿದು. ಅಮಾವಾಸ್ಯೆಗೆ ಇನ್ನೂ ಹತ್ತು ದಿನವಿದೆಯಲ್ಲ, ಪರೀಕ್ಷೆ ಮುಗಿದ ಮರುಗಳಿಗೆಯೇ ಹೇಳಿದರಾಯಿತು ಎಂದುಕೊಂಡ ಪುಣ್ಯಾತ್ಮ. ಆ ಸಾಲು ಹಾರಿಸಿ, ಎಲ್ಲರಿಗೂ ನಮಸ್ಕಾರ ಎಂಬಲ್ಲಿಗೆ ಬಂದು ಪತ್ರ ಮಡಚಿ ಕೊಟ್ಟ.

ಪರೀಕ್ಷೆ ನಾಲ್ಕು ದಿನಕ್ಕೆ ಆಗಲಿಲ್ಲ. ಸಾಹೇಬರ ಜೀಪು ಕೆಟ್ಟಿತು. ಆಮೇಲೆ ಗಾಳಿ ಜೋರಾಗಿ ನಾವೆ ಬಿಡಲಿಲ್ಲ. ನಾಳೆ ಹೇಳುತ್ತೇನೆ ಎಂದು ಶ್ರೀಶೈಲ ದಿನಾ ನಾವೆಯಲ್ಲಿ ಕೂತು ಆಣೆ ಮಾಡಿಕೊಳ್ಳುತ್ತಿದ್ದ. ಕಟ್ಟೆ ಹತ್ತಿ ತಾಯವ್ವನ ಮುಖ ಕಂಡರೆ ಕಾಗುಣಿತ ಹಿಡಿದು ಕೂರುತ್ತಿದ್ದ. ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದರೆ ಏನೆನ್ನುವುದು? ಹಾಗೇ ಅಮಾವಾಸ್ಯೆ ಬಂತು, ಹೋಯಿತು, ರಾಮವ್ವನಿಗೆ ಎಂಟು ತಿಂಗಳು ಬಿತ್ತು.

ಮೂರನೇ ದಿನಕ್ಕೆ ಸಾಹೇಬರು ಬಂದರು. ಪಾಠದ ಪುಸ್ತಕವನ್ನು ಎಲ್ಲರೂ ಬಾಯಿಪಾಠ ಮಾಡಿರುತ್ತಾರೆಂದು ಬಲ್ಲ ಮನುಷ್ಯ. ಮನೆಯಲ್ಲಿರುವ ಏನಾದರೂ ತಂದು ಓದಿರಿ ಎಂದರು. ಪದ್ಮವ್ವ ಬೀಜದ ಚೀಲ ತಂದು ಓದಿದಳು, ಹಸೀನಾಬಿ ಚಹಾಪುಡಿಯ ಪಾಕೀಟು ಓದಿದಳು. ತಾಯವ್ವ ಮಗಳ ಪತ್ರ ತಂದಳು. ಅದನ್ನು ಕಂಡದ್ದೇ ತಡ, ಶ್ರೀಶೈಲ ಒಂದು ಹೆಜ್ಜೆ ಮುಂದೆ ಬಂದ. ಬೇರೆ ಏನಾದರೂ ಓದಿರಿ ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಅವಳು ಪತ್ರ ಬಿಚ್ಚಿಯಾಗಿತ್ತು.

ಅವಳು ಬೆರಳಿಟ್ಟು ಓದಿದಳು. ಆರಾಮದ ಸುದ್ದಿ, ಆಕಳ ಸುದ್ದಿ ಸರಾಗ ಬಂತು, ಕೇಳಿದ್ದೇ ಆಗಿತ್ತಲ್ಲ. ಮುಂದೆ ಬೆರಳು ನಿಧಾನವಾಯಿತು.

"ಅ... ಮಾ... ಸಿ ಒಳಗ... ನೀನ ಬಂದು... ಕರದ್ರ..."

ತಾಯವ್ವ ತಲೆಯೆತ್ತಿ ಶ್ರೀಶೈಲನನ್ನು ನೋಡಿದಳು. ಅವನು ಕಟ್ಟೆಯ ಕಲ್ಲು ನೋಡಿದ. ಇದೇನು ಕಡಿಮೆ ನಾಚಿಕೆಯೇ? ತಾನು ಕಲಿಸಿದ ಅಕ್ಷರವೇ ಒಂದೊಂದಾಗಿ ಎದ್ದು ಬಂದು ಹತ್ತು ಜನರೆದುರು ಅವನ ಮಾನ ತೆಗೆಯುತ್ತಿತ್ತು, ಅದೂ ಅವರಿಬ್ಬರಿಗಲ್ಲದೆ ಯಾರಿಗೂ ತಿಳಿಯದಂತೆ. ಸಾಹೇಬರು ಭೇಷ್ ಎಂದು, ಮುಂದೆ ಓದಲು ಹೇಳಿದರು. ಅವಳು ಕೊನೆಯವರೆಗೂ ಓದಿದಳು. ಹತ್ತಕ್ಕೆ ಹತ್ತೂ ಪಾಸು. ಸಾಹೇಬರು ಶ್ರೀಶೈಲನ ಬೆನ್ನು ತಟ್ಟಿ ಹೋದರು. ತಟ್ಟಿದ ಜಾಗ ಸುಟ್ಟಂತಾಯಿತು.

ಮರುದಿನ ಅವನು ತಪ್ಪೊಪ್ಪಿಕೊಳ್ಳಲೆಂದೇ ತಾಯವ್ವನ ಮನೆಗೆ ಹೋದ. ಅವಳು ಹೊಸ್ತಿಲಲ್ಲಿ ಕೂತು ತೊಡೆಯ ಮೇಲೆ ಪಾಟಿಯಿಟ್ಟು, ಅದರ ಮೇಲೊಂದು ಕಾಗದವಿಟ್ಟು ಬರೆಯುತ್ತಿದ್ದಳು. ಬರೆದು ಮುಗಿಸಿ ಅವನ ಕೈಗೆ ಕೊಟ್ಟು, ಊರಿಗೆ ಹೋಗುವಾಗ ಟಪಾಲಿಗೆ ಹಾಕಬೇಕೆಂದಳು. ಅವನು ಓದಿದ. ಮಗಳ, ನನಗ ಓದಾಕ ಬರತಿರಲಿಲ್ಲ, ಅದಕ್ಕ ಬರಲಿಲ್ಲ, ನೀ ಸಿಟ್ಟಾಗಬ್ಯಾಡ, ಕೂಸು ಹುಟ್ಟಿದ ಮ್ಯಾಲೆ ಕೌದಿ ತರತೇನಿ ಎಂದಿತ್ತು.

"ತಾಯವ್ವಾ, ಆ ಸಾಲು ನಾ ನೋಡಿದ್ದೆ," ಎಂದ ಶ್ರೀಶೈಲ. "ನೋಡೇ ಬಿಟ್ಟು ಓದಿದೆ. ಪರೀಕ್ಷಾ ಕೆಡತೈತಿ ಅಂತ. ತಪ್ಪು ನಂದು ಅಂತ ನನ್ನ ಹೆಸರು ಬರೀರಿ ಇದರಾಗ."

ತಾಯವ್ವ ಶಾಯಿ ಮೆತ್ತಿದ ಕೈ ಸೆರಗಿಗೆ ಒರೆಸಿಕೊಂಡಳು.

"ಗೊತ್ತೈತ್ರಿ ಮಾಸ್ತರ. ಬರಿಯಾಕೇನು, ನಿಮ್ಮ ಹೆಸರು ಬರೀಬೌದು. ನಾಳೆ ಮಗಳು, ಅವ್ವಾ ನಿನಗ ಓದಾಕ ಕಲಿಸಿದವರು ಯಾರು ಅಂತ ಕೇಳಿದ್ರ, ಯಾರ ಹೆಸರು ಹೇಳ್ಲಿ?"

ಅವಳು ಎಮ್ಮೆ ಹಿಂಡುವ ಹೊತ್ತಾಯಿತೆಂದು ಒಳಗೆ ಹೋದಳು. ಶ್ರೀಶೈಲ ಆ ಪತ್ರವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ನಾವೆ ಹತ್ತಿದ, ಮುನವಳ್ಳಿಯ ಟಪಾಲು ಡಬ್ಬಿಗೆ ಹಾಕಲು.