ಒಂದು ಶಿಫ್ಟಿನ ಅತಿಥಿ

ನನಗೆ ಸುಮ್ಮನೆ ಕೂರಲು ಬರುವುದಿಲ್ಲ. ಇದು ಜಂಬದ ಮಾತಲ್ಲ, ಕಾಯಿಲೆ ಎಂದೇ ಇಟ್ಟುಕೊಳ್ಳಿ. ರಾಜಾಜಿನಗರದ ಒಂದು ಹೋಟೆಲಿನಲ್ಲಿ ಹದಿನೇಳು ವರ್ಷದಿಂದ ಹೌಸ್‌ಕೀಪಿಂಗ್ ಕೆಲಸ. ಮೊದಲ ಆರು ವರ್ಷ ರೂಮು ಒರೆಸಿದೆ, ಆಮೇಲೆ ಸೂಪರ್‌ವೈಸರ್ ಆಗಿ ಒರೆಸಿದವರ ತಪ್ಪು ಹುಡುಕುತ್ತಾ ಬಂದೆ. ಮದುವೆ ಮನೆಗೆ ಹೋದರೂ ನನ್ನ ಕಣ್ಣು ಮೊದಲು ಬೀಳುವುದು ಮೂಲೆಯ ಧೂಳಿನ ಮೇಲೆ. ನನ್ನನ್ನು ನೆಂಟರ ಮನೆಗೆ ಕರೆದುಕೊಂಡು ಹೋಗಲು ನನ್ನ ಗಂಡ ಮಹದೇವ್ ಹೆದರುತ್ತಾರೆ.

ಇಂಥವಳಿಗೆ ಸಿಕ್ಕ ಕೊನೆಯ ಅಸೈನ್‌ಮೆಂಟ್ ಏನೆಂದು ಕೇಳಿ. ಯಾವುದಾದರೂ ಹೋಟೆಲಿನಲ್ಲಿ ಎಂಟು ಗಂಟೆ ಕಾಲ ಅತಿಥಿಯಾಗಿ ಇರಬೇಕು. ಯಾವ ಕೆಲಸವನ್ನೂ ಮಾಡಕೂಡದು. ಗಂಟೆಗೊಂದು ಸಲ ಮನಸ್ಸಿಗೆ ಅನ್ನಿಸಿದ್ದನ್ನು ಬರೆಯಬೇಕು. ಬರೆದದ್ದರ ಜೊತೆಗೆ ರೂಮಿನ ಬಿಲ್ಲನ್ನೂ ಕಳಿಸಬೇಕು. ಹಾಸ್ಪಿಟಾಲಿಟಿ ಮ್ಯಾನೇಜ್‌ಮೆಂಟ್‌ನಲ್ಲಿ ಆನ್‌ಲೈನ್ ಎಂಬಿಎ ಮಾಡುತ್ತಿದ್ದೆ, ಎರಡು ವರ್ಷದ ಕೋರ್ಸು. ಮೆಟ್ರೋದಲ್ಲಿ ನಿಂತು, ಹೋಟೆಲಿನ ಲಿನನ್ ರೂಮಿನಲ್ಲಿ ಟವಲ್ ರಾಶಿಗೆ ಒರಗಿ, ಮನೆಯಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹುರುಳಿಕಾಯಿ ಹೆಚ್ಚುತ್ತಾ ಎಲ್ಲಾ ವಿಷಯ ಪಾಸು ಮಾಡಿದ್ದೆ. ಸುಲಭ ಎಂದು ಕೊನೆಗೆ ಉಳಿಸಿಕೊಂಡದ್ದು ಇದೊಂದನ್ನೇ.

ಇದನ್ನು ಕಳಿಸಲು ಗಡುವು ಶನಿವಾರ ಮಧ್ಯರಾತ್ರಿ. ತಪ್ಪಿದರೆ ಇನ್ನಾರು ತಿಂಗಳು ಕಾಯಬೇಕು. ಆದರೆ ನಮ್ಮ ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮುಖ್ಯಸ್ಥರ ಹುದ್ದೆ ಆರು ತಿಂಗಳು ಖಾಲಿ ಇರುವುದಿಲ್ಲ. "ಮಾಸ್ಟರ್ಸ್ ಇಲ್ದೆ ಹೆಡ್ ಆಫೀಸ್ ಒಪ್ಪಲ್ಲ ಮಾಲಾ," ಎಂದು ಜನರಲ್ ಮ್ಯಾನೇಜರ್ ಗೌತಮ್ ಸಾರ್ ಎರಡು ಸಲ ಹೇಳಿದ್ದರು. ಆ ಎರಡೂ ಸಲ ನಾನೇ ಕೆಲಸ ಕಲಿಸಿದ ಹುಡುಗರು ನನ್ನ ತಲೆಯ ಮೇಲೆ ಬಂದು ಕೂತಿದ್ದರು. ಮೂರನೇ ಸಲಕ್ಕೆ ನನ್ನಲ್ಲಿ ತಾಳ್ಮೆ ಉಳಿದಿರಲಿಲ್ಲ.

ಶನಿವಾರ ನನಗೆ ವಾರದ ರಜ. ನಮ್ಮ ಹೋಟೆಲಿನಲ್ಲಿ ಸಿಬ್ಬಂದಿ ತಂಗುವಂತಿಲ್ಲ. ಬೆಳಿಗ್ಗೆ ಎಂಟಕ್ಕೇ ರಾಜಾಜಿನಗರದ ಒಂದು ಲಾಡ್ಜಿಗೆ ಹೋದೆ. ಕೌಂಟರಿನ ಹುಡುಗ ನನ್ನ ಆಧಾರ್ ಕಾರ್ಡನ್ನು ತಿರುಗಿಸಿ ನೋಡಿ, ವಾಪಸ್ಸು ನನ್ನ ಕಡೆಗೇ ತಳ್ಳಿದ.

"ಲೋಕಲ್ ಆಧಾರ್‌ಗೆ ರೂಮ್ ಇಲ್ಲ ಮೇಡಂ."

"ಯಾಕಪ್ಪಾ?"

"ನಂದಿನಿ ಲೇಔಟ್ ಅಡ್ರೆಸ್ ಇದೆ. ಮನೆ ಇಲ್ಲೇ ಇರೋರಿಗೆ ರೂಮ್ ಯಾಕೆ? ಅದೂ ಒಬ್ರೇ ಲೇಡೀಸು."

ನನಗೆ ಮೈಯೆಲ್ಲ ಉರಿಯಿತು. ಆದರೆ ಅವನನ್ನು ಬೈಯುವ ಮುಖ ನನಗೆಲ್ಲಿತ್ತು? ನಮ್ಮ ಹೋಟೆಲಿನಲ್ಲೂ ಇದೇ ರೂಲು, ಅದೇ ನಗುಮುಖದಲ್ಲಿ ನಾವೂ ಹೀಗೇ ಹೇಳಿ ಕಳಿಸುತ್ತೇವೆ. ಅಷ್ಟು ವರ್ಷದಲ್ಲಿ ಒಂದು ದಿನವೂ ಕೌಂಟರಿನ ಈಚೆ ನಿಂತವಳಲ್ಲ ನಾನು.

ಗಂಡನ ಜೊತೆ ಹೋದರೆ ಕೊಟ್ಟಾರು ಎಂದುಕೊಂಡು ಮಹದೇವ್‌ಗೆ ಫೋನ್ ಮಾಡಿದೆ. ನಾಯಂಡಹಳ್ಳಿಯಲ್ಲಿ ಅವರ ಲೇತ್ ವರ್ಕ್‌ಶಾಪು. ಕೈಗೆ ಮೆತ್ತಿದ ಗ್ರೀಸು ತೊಳೆಯದೆಯೇ ಬೈಕು ಹತ್ತಿ ವಿಜಯನಗರಕ್ಕೆ ಬಂದರು. ಅಲ್ಲಿಯ ಲಾಡ್ಜಿನವನು ನಮ್ಮಿಬ್ಬರ ಆಧಾರನ್ನೂ ಪಕ್ಕಪಕ್ಕ ಇಟ್ಟು, ನಮ್ಮ ಮುಖವನ್ನು ಒಂದು ಸಲ, ಮಹದೇವ್ ಕೈಯನ್ನು ಒಂದು ಸಲ ನೋಡಿದ. "ಹಗಲು ಹೊತ್ತು, ಎಂಟ್ ಗಂಟೆಗೆ, ಗಂಡ ಹೆಂಡ್ತಿ," ಎಂದು ಒಂದೊಂದಾಗಿ ಎಣಿಸಿದ.

"ಹತ್ತೊಂಬತ್ತು ವರ್ಷ ಆಯ್ತು ಗುರು ನಮ್ಮ ಮದುವೆಯಾಗಿ," ಎಂದರು ಮಹದೇವ್.

"ಎಲ್ರೂ ಹಂಗೇ ಅಂತಾರೆ ಸಾರ್. ನಿಜವಾದ ಗಂಡ ಹೆಂಡ್ತಿ ಆದ್ರೆ ಮನೇಲಿರ್ತಾರೆ."

ಮಹದೇವ್ ಕೌಂಟರಿನ ಮೇಲೆ ಬಗ್ಗಿದ ರೀತಿ ನೋಡಿ ನಾನೇ ಅವರ ತೋಳು ಹಿಡಿದು ಹೊರಗೆ ಎಳೆದು ತಂದೆ. ಬೀದಿಗೆ ಬಂದ ಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. ನನಗೆ ಅಳು.

"ಮನೇಲೇ ಒಂದ್ ರೂಮಲ್ಲಿ ಕೂತ್ಕೊಳೇ. ನಾನೇ ಟೀ ಮಾಡಿ ತಂದ್ಕೊಡ್ತೀನಿ. ಬಿಲ್ಲೂ ಬರ್ಕೊಡ್ತೀನಿ."

"ನಿಮ್ಮ ಟೀ ಕುಡಿದ್ರೆ ಅತಿಥಿ ಆಗಲ್ಲ ಕಣ್ರೀ, ಪೇಷೆಂಟ್ ಆಗ್ತೀನಿ. ಹೋಗಿ ನೀವು ವರ್ಕ್‌ಶಾಪಿಗೆ."

ಅವರು ಹೋದರು. ಗಂಟೆ ಹತ್ತು. ರಾತ್ರಿ ಒಬ್ಬಳೇ ಹೊರಗಿರಲು ನನಗೆ ಮನಸ್ಸಿಲ್ಲ, ಎಂಟು ಗಂಟೆ ಕಾಲ ಬೇಕೆಂದರೆ ಈಗಲೇ ಶುರು ಮಾಡಬೇಕು. ವಿಜಯನಗರದಲ್ಲಿ ಮೆಟ್ರೋ ಹತ್ತಿ ಸೀಟು ಖಾಲಿ ಇದ್ದರೂ ಬಾಗಿಲ ಬಳಿಯೇ ನಿಂತು ಕೆಂಗೇರಿಯಲ್ಲಿ ಇಳಿದೆ. ಮೈಸೂರು ರಸ್ತೆಯ ಪಕ್ಕ ಎರಡು ಮಹಡಿಯ ಒಂದು ಹಳೆಯ ಲಾಡ್ಜು ಕಂಡಿತು, ಕೆಳಗಡೆ ಮೆಸ್ಸು. ಕೌಂಟರಿನಲ್ಲಿ ಯಜಮಾನರೇ ಕೂತಿದ್ದರು. ಚನ್ನವೀರಪ್ಪ ಎಂದು ಮೇಜಿನ ಮೇಲೆ ಬೋರ್ಡಿತ್ತು, ಎಪ್ಪತ್ತರ ಆಸುಪಾಸು. ಎದುರಿಗೆ ಟೀವಿ ಅರಚುತ್ತಿತ್ತು. ಅವರೂ ನನ್ನ ಆಧಾರ್ ನೋಡಿ ತಲೆ ಅಲ್ಲಾಡಿಸಿದರು.

ನನಗೆ ಸಾಕಾಗಿ ಹೋಗಿತ್ತು. "ಸಾರ್, ನಾನು ಪರೀಕ್ಷೆಗೆ ಬಂದಿರೋದು. ರೂಮ್ ಸಿಗ್ಲಿಲ್ಲ ಅಂದ್ರೆ ನನ್ನ ಎರಡು ವರ್ಷ ಹಾಳಾಗುತ್ತೆ," ಎಂದೆ.

"ಪರೀಕ್ಷೆ ಅಂತ ಮೊದ್ಲೇ ಹೇಳ್ಬಾರ್ದೇನಮ್ಮ!" ಎಂದು ಚನ್ನವೀರಪ್ಪ ರಿಜಿಸ್ಟರ್ ತೆರೆದೇಬಿಟ್ಟರು. ಸುತ್ತಮುತ್ತಲ ಕಾಲೇಜುಗಳಿಗೆ ಪರೀಕ್ಷೆ ಬರೆಯಲು ಬರುವವರು ಅವರ ಲಾಡ್ಜಿನಲ್ಲೇ ಉಳಿಯುತ್ತಾರಂತೆ. ನನಗೆ ನಲವತ್ತೊಂದು ಎಂಬುದು ಅವರಿಗೆ ಅಡ್ಡಿಯಾಗಲಿಲ್ಲ. ಮೆಟ್ಟಿಲ ಕಡೆ ತಿರುಗಿ, "ರಾಮಮ್ಮಾ, ಹದಿನಾಲ್ಕನೇ ನಂಬರ್‌ಗೆ ಓದ್ಕೊಳೋರು ಬಂದವ್ರೆ. ಗಲಾಟೆ ಬೇಡ," ಎಂದು ಕೂಗಿದರು. ಪರೀಕ್ಷೆ ಏನೆಂದು ಅವರು ಕೇಳಲಿಲ್ಲ, ಸುಮ್ಮನೆ ಕೂರುವುದೇ ನನ್ನ ಪರೀಕ್ಷೆ ಎಂದು ನಾನೂ ಬಿಡಿಸಿ ಹೇಳಲಿಲ್ಲ.

ಹನ್ನೊಂದಕ್ಕೆ ಬಾಗಿಲು ಮುಚ್ಚಿಕೊಂಡು ಕುರ್ಚಿಯಲ್ಲಿ ಕೂತೆ. ಎದ್ದೆ. ಮಂಚದ ಅಂಚಿನಲ್ಲಿ ಕೂತೆ. ಮತ್ತೆ ಎದ್ದೆ. ಫೋನಿನಲ್ಲಿ ಬರೆದೆ: "ಹನ್ನೊಂದು ಗಂಟೆ. ಬೆಡ್‌ಶೀಟಿನ ಎಡ ಮೂಲೆ ಸಡಿಲ." ಹನ್ನೆರಡಕ್ಕೆ: "ಕರ್ಟನ್ನಿಗೆ ಎರಡು ಕೊಕ್ಕೆ ಇಲ್ಲ." ಒಂದಕ್ಕೆ: "ಬಾತ್‌ರೂಮಿನ ಕನ್ನಡಿಯಲ್ಲಿ ನೀರಿನ ಕಲೆ." ಮೂರನ್ನೂ ಓದಿ ನೋಡಿದೆ. ಅತಿಥಿಗೆ ಏನನ್ನಿಸಿತು ಎಂಬುದು ಎಲ್ಲೂ ಇರಲಿಲ್ಲ. ನಾನು ದಿನಾ ಬರೆಯುವ ಇನ್ಸ್‌ಪೆಕ್ಷನ್ ರಿಪೋರ್ಟೇ ಅದು. ಅತಿಥಿಗೆ ಏನನ್ನಿಸುತ್ತದೆ? ಎಷ್ಟು ಯೋಚಿಸಿದರೂ ನನಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಸಾವಿರಾರು ಜನಕ್ಕೆ ಹಾಸಿಗೆ ಹಾಸಿಸಿದವಳಿಗೆ ಇದೊಂದು ಗೊತ್ತಿಲ್ಲವಲ್ಲ ಎಂದು ನಿಜವಾಗಿಯೂ ಭಯವಾಯಿತು. ಆ ಭಯಕ್ಕೆ ಕೈ ತಾನಾಗಿಯೇ ಕೆಲಸ ಹುಡುಕಿಕೊಂಡಿತು. ಕರ್ಚೀಫು ಒದ್ದೆ ಮಾಡಿಕೊಂಡು ಕಿಟಕಿಯ ಸಂದಿ ಒರೆಸತೊಡಗಿದೆ.

ಆಗಲೇ ಬಾಗಿಲು ತಟ್ಟಿ ರಾಮಮ್ಮ ಒಳಗೆ ಬಂದರು. ಅರವತ್ತು ದಾಟಿದ ಹೆಂಗಸು. ಕಂಕುಳಲ್ಲಿ ಒಗೆದ ಬೆಡ್‌ಶೀಟು, ಕೈಯಲ್ಲಿ ಮೆಸ್ಸಿನ ಊಟದ ತಟ್ಟೆ. ನನ್ನನ್ನು ನೋಡಿ ಹಾಗೇ ನಿಂತರು.

"ಓದೋದು ಬಿಟ್ಟು ಇದೇನವ್ವ ಮಾಡ್ತಾ ಇದೀಯ?"

"ಧೂಳಿತ್ತು, ಅದಕ್ಕೆ..."

"ಧೂಳು ನಾಳೆನೂ ಇರ್ತದೆ. ಪರೀಕ್ಷೆ ಇರೋರು ಕೆಲ್ಸ ಮುಟ್ಬಾರ್ದು. ಕೊಡು ಇಲ್ಲಿ." ಕರ್ಚೀಫು ಕಿತ್ತುಕೊಂಡು, ನನ್ನನ್ನು ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದರು. "ಕೂತ್ಕೊ."

ಕೂತೆ. ನನಗೆ ಹಾಗೆ ಹೇಳಿದವರು ಈವರೆಗೆ ಯಾರೂ ಇರಲಿಲ್ಲ. ಎಸೆಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಅಮ್ಮನ ಜೊತೆ ಬಸವೇಶ್ವರನಗರದ ಮೂರು ಮನೆಯ ಪಾತ್ರೆ ಉಜ್ಜಿ, ಅಲ್ಲಿಂದಲೇ ಹಾಲ್ ಟಿಕೆಟ್ ಹಿಡಿದು ಓಡಿದ್ದೆ. ಈಗ ನಮ್ಮ ಮಗಳು ಕೀರ್ತನಾಗೆ ಪರೀಕ್ಷೆ ಬಂದರೆ ಮನೆಯಲ್ಲಿ ಯಾರೂ ಜೋರಾಗಿ ಕೆಮ್ಮುವುದೂ ಇಲ್ಲ, ನೀರಿನ ಲೋಟವನ್ನೂ ಅವಳ ಕೈಗೇ ಕೊಡುತ್ತೇವೆ. ಆದರೆ ನನ್ನ ಎಂಬಿಎ ಪರೀಕ್ಷೆಗಳ ದಿನ ಕುಕ್ಕರ್ ಇಟ್ಟು, ಅದು ಕೂಗುವುದನ್ನು ಎಣಿಸುತ್ತಲೇ ಲ್ಯಾಪ್‌ಟಾಪ್ ಮುಂದೆ ಕೂತವಳು ನಾನು. ಕೆಲಸ ಮುಟ್ಟಬೇಡ ಎಂದು ನನಗೂ ಯಾರಾದರೂ ಹೇಳಬೇಕಿತ್ತು ಎಂಬುದೇ ನನಗೆ ಹೊಳೆದಿರಲಿಲ್ಲ. ಯಾರ ಮೇಲೆಂದು ಗೊತ್ತಿಲ್ಲದ ಸಿಟ್ಟು ಬಂತು.

ರಾಮಮ್ಮ ಹಳೆಯ ಬೆಡ್‌ಶೀಟು ಎಳೆದು ಹೊಸದನ್ನು ಹಾಸಿದರು. ಹಾಸಿಗೆ ಎತ್ತುವಾಗ ಸೊಂಟ ಹಿಡಿದುಕೊಂಡು "ಅಯ್ಯಮ್ಮಾ" ಎಂದರು. ನಾನು ತಟ್ಟನೆ ಎದ್ದೆ.

"ಕೂತ್ಕೊ ಅಂದೆ ತಾನೆ!"

ಮತ್ತೆ ಕೂತೆ. ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡೆ, ಇಲ್ಲದಿದ್ದರೆ ಅವು ಕೇಳುತ್ತಿರಲಿಲ್ಲ.

"ಬಾಣಂತನದಲ್ಲಿ ಬಿಟ್ರೆ ನಮ್ಗೆ ಯಾರವ್ವ ಹಾಸಿ ಕೊಟ್ಟವ್ರೆ," ಎಂದು ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಾ ದಿಂಬು ತಟ್ಟಿದರು. "ಉಂಡ್ಬಿಟ್ಟು ಒಂದ್ ಗಳಿಗೆ ಕಣ್ಣು ಮುಚ್ಚು. ಆಮೇಲೆ ಓದಿದ್ದು ತಲೆಗೆ ಹತ್ತತದೆ."

ಉಂಡೆ. ತಟ್ಟೆ ತೊಳೆಯಲು ಎದ್ದವಳು ಅವರ ಮಾತು ನೆನೆದು ಬಾಗಿಲ ಬಳಿ ಇಟ್ಟೆ. ಹಾಸಿಗೆ ಎಷ್ಟು ಗಟ್ಟಿಯಿದೆ ನೋಡೋಣ ಎಂದು ಎರಡೇ ನಿಮಿಷ ಮಲಗಿದೆ.

ಕಣ್ಣು ಬಿಟ್ಟಾಗ ಕಿಟಕಿಯಲ್ಲಿ ಬೀದಿ ದೀಪದ ಬೆಳಕಿತ್ತು. ಏಳೂ ಹತ್ತು! ಎರಡು, ಮೂರು, ನಾಲ್ಕು, ಐದು, ಆರು, ಏಳು, ಯಾವ ಗಂಟೆಗೂ ಒಂದಕ್ಷರ ಬರೆದಿಲ್ಲ. ತಲೆ ಕೂಡ ಬಾಚಿಕೊಳ್ಳದೆ ಕೆಳಗಿಳಿದೆ. ಮೆಟ್ಟಿಲಲ್ಲೇ ರಾಮಮ್ಮ ಸಿಕ್ಕರು.

"ಚಿಲ್ಕ ಹಾಕಿರ್ಲಿಲ್ಲ ನೀನು. ಎರಡ್ ಸಲ ಬಂದು ನೋಡ್ದೆ, ಮಗು ಥರ ಮಲ್ಗಿದ್ದೆ. ಎಬ್ಬಿಸಕ್ಕೆ ಮನ್ಸು ಬರ್ಲಿಲ್ಲ. ಯಜಮಾನ್ರಿಗೆ ಹೇಳಿ ಟೀವಿನೂ ಆಫ್ ಮಾಡಿಸ್ದೆ." ನನ್ನ ಮುಖ ನೋಡಿ ಅವರ ದನಿ ಇಳಿಯಿತು. "ಎಬ್ಬಿಸ್ಬೇಕಾಗಿತ್ತಾ? ಪರೀಕ್ಷೆ ಹಾಳಾಯ್ತಾ ನನ್ನಿಂದ?"

"ಇಲ್ಲ ರಾಮಮ್ಮ, ಏನೂ ಆಗಿಲ್ಲ," ಎಂದೆ. ಆಗಿತ್ತು. ಅವರಿಗೂ ಗೊತ್ತಾಯಿತು.

ಮೆಟ್ರೋದಲ್ಲಿ ಕಂಬಕ್ಕೆ ಒರಗಿ ಫೋನು ತೆಗೆದೆ. ಚೆಕ್‌ಲಿಸ್ಟಿನಲ್ಲಿ ಮೂರು ಗಂಟೆಯ ಟಿಕ್ಕನ್ನು ಆರು ಗಂಟೆಗೆ ಹಾಕುವುದು ನಮ್ಮ ಕಸುಬಿನಲ್ಲಿ ಎಲ್ಲರಿಗೂ ಬರುತ್ತದೆ. ಚಕಚಕನೆ ಬರೆದೆ: "ಎರಡು ಗಂಟೆ. ಕೊಠಡಿಯ ಪ್ರಶಾಂತತೆ ಮನಸ್ಸಿಗೆ ಮುದ ನೀಡಿತು. ಮೂರು ಗಂಟೆ. ಸಿಬ್ಬಂದಿಯ ಸೌಜನ್ಯ ಮೆಚ್ಚುವಂಥದ್ದು." ಏಳರವರೆಗೂ ತುಂಬಿಸಿದೆ. ಯಾರಿಗೂ ಅನುಮಾನ ಬರುತ್ತಿರಲಿಲ್ಲ, ಅಂಕವೂ ಚೆನ್ನಾಗಿಯೇ ಬರುತ್ತಿತ್ತು. ನಾಯಂಡಹಳ್ಳಿ ಬರುವಷ್ಟರಲ್ಲಿ ಇನ್ನೊಮ್ಮೆ ಓದಿದೆ. ಓದಿ ನಾಚಿಕೆಯಾಯಿತು. ಸೊಂಟ ಹಿಡಿದುಕೊಂಡು ನನಗೆ ಹಾಸಿಗೆ ಹಾಸಿದ ಹೆಂಗಸು ಅದರಲ್ಲಿ ಎಲ್ಲೂ ಇರಲಿಲ್ಲ. ಆಕೆಯ ಹೆಸರೂ ಇರಲಿಲ್ಲ.

ಅಷ್ಟನ್ನೂ ಅಳಿಸಿ ಹೀಗೆ ಬರೆದೆ: "ಎರಡರಿಂದ ಏಳರವರೆಗೆ ನಿದ್ದೆ ಮಾಡಿದೆ. ಹಾಸಿಗೆ ಹಾಸಿದವರು ರಾಮಮ್ಮ. ನಾನು ಎದ್ದಾಗಲೆಲ್ಲ ಗದರಿ ಕೂರಿಸಿದರು. ಬೆಡ್‌ಶೀಟಿನ ಮೂಲೆಗಳು ಹೇಗಿದ್ದವು ಎಂದು ನಾನು ನೋಡಲಿಲ್ಲ." ಬೆಳಿಗ್ಗೆ ದುಡ್ಡು ಕಟ್ಟಿದಾಗ ಕೊಟ್ಟಿದ್ದ ಬಿಲ್ಲಿನ ಫೋಟೋ ಸೇರಿಸಿದೆ. ವಿಜಯನಗರ ಬರುವ ಮೊದಲೇ ಕಳಿಸಿಬಿಟ್ಟೆ, ತಡ ಮಾಡಿದರೆ ಮನಸ್ಸು ಬದಲಾಗುತ್ತದೆಂದು. ಮನೆಯಲ್ಲಿ ಆ ರಾತ್ರಿ ಮಹದೇವ್ ಏನು ಕೇಳಿದರೂ ರೇಗಿದೆ. ಭಾನುವಾರ, ಸೋಮವಾರ ನನ್ನ ಕೈಕೆಳಗಿನ ಹುಡುಗಿಯರೂ ನನ್ನಿಂದ ಸುಮ್ಮಸುಮ್ಮನೆ ಬೈಸಿಕೊಂಡರು.

ಮಂಗಳವಾರ ಮಧ್ಯಾಹ್ನ ಹೋಟೆಲಿನ ಮೂರನೇ ಮಹಡಿಯಲ್ಲಿದ್ದಾಗ ಫಲಿತಾಂಶ ಬಂತು. ಎರಡರಿಂದ ಏಳರವರೆಗಿನ ದಾಖಲೆ ಇಲ್ಲವೆಂದು ಅಂಕ ಕಡಿದಿದ್ದರು. ನೂರಕ್ಕೆ ಐವತ್ತೆರಡು. ಐವತ್ತಕ್ಕೆ ಪಾಸು.

ಗೌತಮ್ ಸಾರ್‌ಗೆ ಹೇಳುವ ಮೊದಲು, ಮಹದೇವ್‌ಗೂ ಹೇಳುವ ಮೊದಲು, ಲಾಡ್ಜಿಗೆ ಫೋನ್ ಮಾಡಿದೆ. ಚನ್ನವೀರಪ್ಪನವರೇ ಎತ್ತಿದರು.

"ಸಾರ್, ಶನಿವಾರ ಪರೀಕ್ಷೆಗೆ ಅಂತ ಬಂದಿದ್ನಲ್ಲ, ಹದಿನಾಲ್ಕನೇ ನಂಬರ್ ಮಾಲಾ. ಪಾಸಾದೆ ಅಂತ ರಾಮಮ್ಮನಿಗೆ ಹೇಳ್ತೀರಾ?"

ರಿಸೀವರನ್ನು ಮೇಜಿನ ಮೇಲಿಟ್ಟ ಸದ್ದಾಯಿತು. ಆಮೇಲೆ ಆ ಲಾಡ್ಜಿನ ಎರಡೂ ಮಹಡಿಗೆ ಕೇಳುವಂತೆ ಅವರ ದನಿ ಕೇಳಿಸಿತು. "ರಾಮಮ್ಮಾ! ಏ ರಾಮಮ್ಮಾ! ನಿನ್ನ ಹುಡುಗಿ ಪಾಸಂತೆ ಕಣಮ್ಮೋ!"

ಕಾರಿಡಾರಿನಲ್ಲಿ ಅತಿಥಿಗಳು ಓಡಾಡುತ್ತಿದ್ದರು. ಅವರ ಮುಂದೆ ಸಿಬ್ಬಂದಿ ಅಳಬಾರದೆಂದು ರೂಲು ಬರೆದವಳು ನಾನೇ. ಗೋಡೆಯ ಕಡೆ ತಿರುಗಿ, ಫೋನು ಕಿವಿಗೆ ಒತ್ತಿಕೊಂಡೇ ಅತ್ತುಬಿಟ್ಟೆ.